ರಾತ್ರಿ ವೇದಿಕೆ, ಹಗಲು ಕೋಣೆ: ಡಿಜೆ ಬದುಕಿನ ಬಗ್ಗೆ ನಿಮ್ಮ ಪ್ರಶ್ನೆಗಳು

ಹೋದ ತಿಂಗಳು ಸ್ವೀಡನ್‌ನ ಡಿಜೆ ಅವೀಚಿ ಬಗ್ಗೆ ಬರೆದಿದ್ದೆ. ನಿಜ ಹೆಸರು ಟಿಮ್ ಬರ್ಗ್‌ಲಿಂಗ್. 1989ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಹುಟ್ಟಿದವನು. 2011ರ ‘ಲೆವೆಲ್ಸ್’, 2013ರ ‘ವೇಕ್ ಮಿ ಅಪ್’ ಎರಡೂ ಅವನವೇ. 26ನೇ ವಯಸ್ಸಿಗೆ ಶೋ ಕೊಡುವುದನ್ನೇ ನಿಲ್ಲಿಸಿದ. 28ಕ್ಕೆ ತೀರಿಕೊಂಡ. ಆ ಬರಹಕ್ಕೆ ಪತ್ರಗಳು ತುಂಬಾ ಬಂದವು. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿಕೊಂಡು ಉತ್ತರಿಸಿದ್ದೇನೆ. ನಾನೂ ಬೆಂಗಳೂರಿನ ಕ್ಲಬ್‌ಗಳಲ್ಲಿ ವರ್ಷಗಟ್ಟಲೆ ಪ್ಲೇ ಮಾಡಿ, ಈಗ ಬಸವನಗುಡಿಯಲ್ಲಿ ಚಿಕ್ಕ ಸ್ಟುಡಿಯೋ ಇಟ್ಟುಕೊಂಡವನು. ಗೊತ್ತಿರುವುದನ್ನು ಗೊತ್ತಿರುವ ಹಾಗೆ ಹೇಳುತ್ತೇನೆ.

ಪ್ರಶ್ನೆ: ಅಣ್ಣಾ, ನಾನು ಬಿ.ಕಾಂ. ಎರಡನೇ ವರ್ಷ. ಲ್ಯಾಪ್‌ಟಾಪ್‌ನಲ್ಲಿ ಹಾಡು ಮಾಡೋ ಸಾಫ್ಟ್‌ವೇರ್ ಎಫ್‌ಎಲ್ ಸ್ಟುಡಿಯೋ ಇದೆ. ಸಂಗೀತ ಪಾಠ ಹೇಳಿಸಿಕೊಂಡಿಲ್ಲ. ಅವೀಚಿ ಕೂಡ ಇದೇ ಸಾಫ್ಟ್‌ವೇರ್ ಬಳಸ್ತಿದ್ದ ಅಂತ ಬರೆದಿದ್ರಿ. ಹಾಗಾದ್ರೆ ನನ್ನಿಂದಲೂ ಆಗುತ್ತಾ? ಎಲ್ಲಿಂದ ಶುರು ಮಾಡಲಿ?
– ಓದುಗ, ಹಾಸನ

ಆಗುತ್ತೆ ತಮ್ಮಾ. ಆದರೆ ಸಾಫ್ಟ್‌ವೇರ್ ಇದೆ ಅನ್ನೋ ಕಾರಣಕ್ಕಲ್ಲ. ಎಫ್‌ಎಲ್ ಸ್ಟುಡಿಯೋ ಬೆಲ್ಜಿಯಂನ ಒಂದು ಕಂಪನಿ ಮಾಡಿದ್ದು. ತೊಂಬತ್ತರ ದಶಕದ ಕೊನೆಯಿಂದ ಲಕ್ಷಾಂತರ ಹುಡುಗರ ಕೈಯಲ್ಲಿದೆ. ನೆದರ್ಲೆಂಡ್ಸ್‌ನ ಡಿಜೆ ಮಾರ್ಟಿನ್ ಗ್ಯಾರಿಕ್ಸ್ 17ನೇ ವಯಸ್ಸಿನಲ್ಲಿ, 2013ರಲ್ಲಿ, ಹೊರತಂದ ‘ಅನಿಮಲ್ಸ್’ ಹಾಡು ಮಾಡಿದ್ದೂ ಇದರಲ್ಲೇ. ಸಾಧನ ಎಲ್ಲರಿಗೂ ಒಂದೇ.

ಟಿಮ್ ಹತ್ತಿರ ಇದ್ದದ್ದು ರಾಗ ಹುಟ್ಟಿಸುವ ಶಕ್ತಿ. ರಾಗ ಅಂದರೆ ಇಲ್ಲಿ ನಮ್ಮ ಶಾಸ್ತ್ರೀಯ ರಾಗ ಅಲ್ಲ, ಬಾಯಲ್ಲಿ ಗುನುಗಬಹುದಾದ ಸಾಲು. ಹದಿಹರೆಯದಲ್ಲಿ ತನ್ನ ಕೋಣೆಯಲ್ಲಿ ಕೂತು, ಬೇರೆಯವರು ಹಾಕಿದ ಪಾಠಗಳನ್ನು ನೋಡಿ ತಾನೇ ಕಲಿತ. 2008ರಲ್ಲಿ ಆಶ್ ಪುರ್ನೂರಿ ಅನ್ನುವವರು ಅವನ ಟ್ರ್ಯಾಕ್ ಕೇಳಿ ಮ್ಯಾನೇಜರ್ ಆದರು. 2010ರಲ್ಲಿ ಟಿಮ್ ಬರ್ಗ್ ಹೆಸರಿನಲ್ಲಿ ‘ಬ್ರೊಮ್ಯಾನ್ಸ್’ ಬಂತು. ಮರುವರ್ಷ ‘ಲೆವೆಲ್ಸ್’. ಅಂದರೆ ಆ ಕೋಣೆಯಲ್ಲಿ ಕೂತದ್ದು ವರ್ಷಗಳ ಕಾಲ. ಜನ ನೋಡಿದ್ದು ಕೊನೆಯ ಭಾಗ ಮಾತ್ರ.

‘ಲೆವೆಲ್ಸ್’ ಅನ್ನು ಒಮ್ಮೆ ಹೆಡ್‌ಫೋನ್ ಹಾಕಿ ಕೇಳು. 126 ಬಿಪಿಎಂ, ಅಂದರೆ ನಿಮಿಷಕ್ಕೆ 126 ಹೊಡೆತ. ಅದರ ಸಿಂಥ್ (ವಿದ್ಯುತ್‌ನಿಂದ ಸದ್ದು ಹುಟ್ಟಿಸುವ ವಾದ್ಯ) ಸಾಲು ಒಂದೇ. ಮತ್ತೆ ಮತ್ತೆ ಬರುತ್ತೆ, ಬೇಜಾರಾಗಲ್ಲ. ಯಾಕೆ ಗೊತ್ತಾ? ಪ್ರತಿ ಸಲ ಸುತ್ತಲಿನದ್ದು ಬದಲಾಗುತ್ತೆ. ಒಂದು ಸಲ ಫಿಲ್ಟರ್ ಮುಚ್ಚಿ, ಗೋಡೆಯಾಚೆಯಿಂದ ಕೇಳಿದ ಹಾಗೆ ಇರುತ್ತೆ. ನಿಧಾನಕ್ಕೆ ತೆರೆಯುತ್ತೆ. ಆಮೇಲೆ ಕಿಕ್, ಅಂದರೆ ದಪ್ಪ ಡ್ರಮ್ ಹೊಡೆತ, ಬರುತ್ತೆ. ಕಿಕ್ ಬಿದ್ದ ಕ್ಷಣ ಸಿಂಥ್ ಸ್ವಲ್ಪ ತಗ್ಗಿ, ಕೂಡಲೇ ಮೇಲೇಳುತ್ತೆ. ಇದಕ್ಕೆ ಸೈಡ್‌ಚೈನ್ ಅಂತಾರೆ. ಕಿಕ್‌ನ ಸದ್ದನ್ನೇ ಇನ್ನೊಂದು ಟ್ರ್ಯಾಕ್‌ನ ಕಂಪ್ರೆಸರ್‌ಗೆ (ಸದ್ದು ತಗ್ಗಿಸುವ ಸಾಧನ) ಕೊಟ್ಟು, ‘ಇವನು ಬಂದಾಗ ನೀನು ಜಾಗ ಬಿಡು’ ಅಂತ ಹೇಳೋದು. ಹಾಡು ಉಸಿರಾಡಿದ ಹಾಗೆ ಅನಿಸೋದು ಇದರಿಂದಲೇ. ಕುಣಿಯೋರ ಮೈಗೆ ತಲುಪೋದೂ ಇದೇ.

ಎಲ್ಲಿಂದ ಶುರು ಮಾಡಲಿ ಅಂದೆ ಅಲ್ವಾ? ಸಾಫ್ಟ್‌ವೇರ್‌ನಲ್ಲಿ ಪಿಯಾನೋ ರೋಲ್ ಅನ್ನುವ ಪುಟ ತೆರೆ. ಎಡಕ್ಕೆ ಪಿಯಾನೋ ಮನೆಗಳು ಉದ್ದಕ್ಕೆ ನಿಂತಿರುತ್ತವೆ, ಬಲಕ್ಕೆ ಚೌಕಗಳ ಹಾಳೆ. ಮೌಸ್‌ನಲ್ಲಿ ಒಂದೊಂದೇ ಸ್ವರ ಇಡು. ಟಿಮ್ ಕೂಡ ಹೀಗೇ ಇಡುತ್ತಿದ್ದ. ಡ್ರಮ್ ಬೇಡ, ಎಫೆಕ್ಟ್ ಬೇಡ, ಬರೀ ಸಾದಾ ಪಿಯಾನೋ ಸದ್ದಿನಲ್ಲಿ ನಾಲ್ಕು ಬಾರ್ ಬರಿ (ಒಂದು ಬಾರ್ ಅಂದರೆ ಇಲ್ಲಿ ನಾಲ್ಕು ಹೊಡೆತ). ಮಲಗಿ ಎದ್ದ ಮೇಲೂ ಆ ಸಾಲು ಬಾಯಿಗೆ ಬಂದರೆ ಮುಂದುವರಿ. ಬರಲಿಲ್ಲ ಅಂದ್ರೆ ಅಳಿಸು. ನೂರು ಪ್ಲಗಿನ್ (ಜೊತೆಗೆ ಸೇರಿಸಿಕೊಳ್ಳುವ ಚಿಕ್ಕ ಸಾಫ್ಟ್‌ವೇರ್) ಡೌನ್‌ಲೋಡ್ ಮಾಡಿ ಒಂದು ಹಾಡೂ ಮುಗಿಸದ ಹುಡುಗರನ್ನು ನಾನು ತುಂಬಾ ನೋಡಿದ್ದೇನೆ. ಕೆಟ್ಟದಾದರೂ ಪರವಾಗಿಲ್ಲ, ಹಾಡನ್ನು ಮುಗಿಸು. ಬಿ.ಕಾಂ. ಬಿಡಬೇಡ. ಈ ಕೆಲಸದಲ್ಲಿ ಲೆಕ್ಕ ಗೊತ್ತಿರೋನು ಮೋಸ ಹೋಗೋದು ಕಡಿಮೆ.

ಪ್ರಶ್ನೆ: ಸರ್, ನನ್ನ ಮಗ ಇಂಜಿನಿಯರಿಂಗ್ ಮುಗಿಸಿದ್ದಾನೆ. ಕೆಲಸಕ್ಕೆ ಹೋಗಲ್ಲ, ಡಿಜೆ ಆಗ್ತೀನಿ ಅಂತಾನೆ. ಪೆಟ್ಟಿಗೆ ಮುಂದೆ ನಿಂತು ಬಟನ್ ಒತ್ತಿ ಕೈ ಎತ್ತೋದು ಒಂದು ಕೆಲಸಾನಾ? ಇದರಲ್ಲಿ ಹೊಟ್ಟೆ ತುಂಬುತ್ತಾ?
– ತಾಯಿ, ದಾವಣಗೆರೆ

ಅಮ್ಮಾ, ನಿಮ್ಮ ಆತಂಕ ನನಗೆ ಅರ್ಥ ಆಗುತ್ತೆ. ನಮ್ಮ ಮನೆಯಲ್ಲೂ ಇದೇ ಮಾತಾಗಿತ್ತು.

ಮೊದಲು ಕೆಲಸ ಏನು ಅಂತ ಹೇಳ್ತೀನಿ. ಒಂದು ಹಾಡು ಮೇನ್ ಸ್ಪೀಕರ್‌ನಲ್ಲಿ ಓಡ್ತಾ ಇರುತ್ತೆ. ಮುಂದಿನ ಹಾಡು ಡಿಜೆಯ ಒಂದು ಕಿವಿಯ ಹೆಡ್‌ಫೋನ್‌ನಲ್ಲಿ ಮಾತ್ರ ಓಡುತ್ತೆ. ಮೊದಲನೆಯದು 124 ಬಿಪಿಎಂ, ಎರಡನೆಯದು 128 ಅಂದುಕೊಳ್ಳಿ. ಹಾಡಿನ ವೇಗ ಬದಲಿಸುವ ಪಿಚ್ ಫೇಡರ್ ಎಳೆದು ಎರಡನೆಯದನ್ನು 124ಕ್ಕೆ ತರಬೇಕು. ಹೊಡೆತದ ಮೇಲೆ ಹೊಡೆತ ಕೂರಬೇಕು. ಈಗಿನ ಯಂತ್ರಗಳು ಇಷ್ಟನ್ನು ತಾವೇ ಮಾಡುತ್ತವೆ, ನಿಜ. ಆದರೆ ಹಾಡು ಬದಲಾಗುವ ಜಾಗ ಯಂತ್ರಕ್ಕೆ ಬಿಟ್ಟದ್ದಲ್ಲ. ಈ ಸಂಗೀತ ಹೆಚ್ಚಾಗಿ 32 ಹೊಡೆತದ ವಾಕ್ಯಗಳಲ್ಲಿ ನಡೆಯುತ್ತೆ. ಆದಿತಾಳದ ನಾಲ್ಕು ಆವರ್ತನದಷ್ಟು. ಆ ವಾಕ್ಯ ಮುಗಿಯುವಾಗಲೇ ಹೊಸ ಹಾಡು ಒಳಗೆ ಬರಬೇಕು. ಎರಡೂ ಹಾಡಿನ ಬೇಸ್, ಅಂದರೆ ತಗ್ಗಿನ ದಪ್ಪ ದನಿ, ಒಟ್ಟಿಗೆ ಕೇಳಿದರೆ ಬರೀ ಗೊಜಗೊಜ. ಅದಕ್ಕೆ ಹೊಸದರ ಬೇಸ್ ತಗ್ಗಿಸಿ ಒಳಗೆ ತರೋದು, ವಾಕ್ಯ ತಿರುಗುವ ಕ್ಷಣ ಹಳೆಯದರ ಬೇಸ್ ತೆಗೆದು ಹೊಸದನ್ನು ಏರಿಸೋದು. ಎರಡು ಕೈ, ಎರಡು ಗುಂಡಿ, ಒಂದೇ ಕ್ಷಣ. ಇದು ಸರಿಯಾಗಿ ಆದರೆ ಕೇಳುವವರಿಗೆ ಹಾಡು ಬದಲಾದದ್ದೇ ಗೊತ್ತಾಗಲ್ಲ.

ಇನ್ನೊಂದು ಕೆಲಸ ಜನರನ್ನು ಓದೋದು. ನಾನು ಪ್ಲೇ ಮಾಡುತ್ತಿದ್ದ ಕಾಲದಲ್ಲಿ ಬೆಂಗಳೂರಿನಲ್ಲಿ ರಾತ್ರಿ 11.30ಕ್ಕೇ ಬಾಗಿಲು ಹಾಕಬೇಕಿತ್ತು. ಜನ ಬರೋದೇ ಒಂಬತ್ತೂವರೆಗೆ. ಯುರೋಪಿನ ಡಿಜೆಗೆ ಇಡೀ ರಾತ್ರಿ ಇರುತ್ತೆ, ನಿಧಾನಕ್ಕೆ ಬಿಸಿ ಏರಿಸಬಹುದು. ನಮಗೆ ಎರಡು ಗಂಟೆಯೊಳಗೆ ಶುರು, ನಡು, ತುದಿ ಎಲ್ಲವೂ ಮುಗಿಯಬೇಕು. 10.45ಕ್ಕೆ ಫ್ಲೋರ್ ತುಂಬಿರಲಿಲ್ಲ ಅಂದ್ರೆ ಆ ರಾತ್ರಿ ಹೋಯ್ತು. ಯಾರು ಬಾರ್ ಕಡೆ ತಿರುಗಿದರು, ಯಾರು ಬ್ಯಾಗ್ ಎತ್ತಿಕೊಂಡರು, ಇದನ್ನೆಲ್ಲ ನೋಡ್ತಾನೇ ಮುಂದಿನ ಹಾಡು ಆರಿಸೋದು. ಹಾಗಾಗಿ, ಹೌದಮ್ಮಾ, ಇದು ಕೆಲಸ. ಚೆನ್ನಾಗಿ ಮಾಡೋಕೆ ವರ್ಷಗಳು ಬೇಕು.

ದುಡ್ಡಿನ ವಿಷಯ. ಸಂಬಳದ ಹಾಗೆ ತಿಂಗಳಿಗೆ ಇಷ್ಟು ಅಂತ ಬರಲ್ಲ. ಯಾವುದಾದರೂ ಕ್ಲಬ್‌ನಲ್ಲಿ ಕಾಯಂ ರಾತ್ರಿಗಳು ಸಿಕ್ಕರೆ ಅದೊಂದು ಆಧಾರ. ಉಳಿದದ್ದು ಮದುವೆ, ಸಂಗೀತ್, ಕಂಪನಿಗಳ ಪಾರ್ಟಿ. ಆಷಾಢ, ಪಿತೃಪಕ್ಷ, ಧನುರ್ಮಾಸ ಬಂದರೆ ಮದುವೆ ಡಿಜೆ ಕೈ ಖಾಲಿ. ಮೇ ತಿಂಗಳಲ್ಲಿ ನಿದ್ದೆಗೆ ಪುರುಸೊತ್ತಿರಲ್ಲ. ಆ ತಿಂಗಳ ದುಡ್ಡನ್ನು ಆಷಾಢಕ್ಕೆ ಎತ್ತಿಡಲು ಗೊತ್ತಿರೋನು ಉಳಿಯುತ್ತಾನೆ. ಇದರ ಜೊತೆ ಜಾಹೀರಾತಿಗೆ ಸಂಗೀತ, ಬೇರೆಯವರ ಹಾಡಿನ ಮಿಕ್ಸಿಂಗ್, ಪಾಠ ಹೇಳೋದು. ನನ್ನ ಮನೆ ನಡೆದದ್ದು ರಾತ್ರಿಯ ದುಡ್ಡಿಗಿಂತ ಜಾಸ್ತಿ ಈ ಹಗಲಿನ ಕೆಲಸದಿಂದ.

ಮಗನಿಗೆ ಒಂದು ಹೇಳಿ. ಮನೆಯ ಹಾಲ್‌ನಲ್ಲಿ, ನಿಮ್ಮ ಮುಂದೆ, ಒಂದು ಗಂಟೆ ನಿಲ್ಲಿಸದೆ ಪ್ಲೇ ಮಾಡಲಿ. ಬೆಳಕಿಲ್ಲ, ಹೊಗೆ ಇಲ್ಲ, ಕಿರುಚುವ ಜನ ಇಲ್ಲ. ನೀವು ಕೂತು ಕೇಳಿ. ಅವನು ತಯಾರಿ ಮಾಡಿಕೊಂಡಿದ್ದಾನಾ, ಬರೀ ಆಸೆನಾ ಅನ್ನೋದು ಸಂಗೀತ ಗೊತ್ತಿಲ್ಲದವರಿಗೂ ತಿಳಿಯುತ್ತೆ. ಸದ್ಯಕ್ಕೆ ಹಗಲು ಒಂದು ಕೆಲಸ ಇಟ್ಟುಕೊಂಡು ವಾರಾಂತ್ಯ ಪ್ಲೇ ಮಾಡಲಿ. ಅದರಲ್ಲಿ ಯಾವ ಅವಮಾನವೂ ಇಲ್ಲ.

ಪ್ರಶ್ನೆ: ನಾನು ಸಂಗೀತ ಶಿಕ್ಷಕಿ. ನನ್ನ ವಿದ್ಯಾರ್ಥಿಯೊಬ್ಬ ‘ವೇಕ್ ಮಿ ಅಪ್’ ಕೇಳಿಸಿದ. ಮೊದಲಿಗೆ ಗಿಟಾರ್, ಹಳ್ಳಿ ಹಾಡಿನ ಥರ ದನಿ, ಆಮೇಲೆ ಯಂತ್ರದ ಅಬ್ಬರ. ಇದನ್ನು ಜನ ಹೇಗೆ ಒಪ್ಪಿಕೊಂಡರು? ನಮ್ಮ ಡೊಳ್ಳು, ಕಂಸಾಳೆಯನ್ನು ಹೀಗೆ ಸೇರಿಸಬಹುದೇ?
– ಓದುಗಿ, ಮೈಸೂರು

ಮೇಡಂ, ಜನ ಮೊದಲು ಒಪ್ಪಿಕೊಳ್ಳಲೇ ಇಲ್ಲ. 2013ರ ಮಾರ್ಚ್‌ನಲ್ಲಿ ಮಯಾಮಿಯ ಅಲ್ಟ್ರಾ ಉತ್ಸವದಲ್ಲಿ ಟಿಮ್ ಈ ಹಾಡನ್ನು ಮೊದಲ ಸಲ ಕೇಳಿಸಿದ. ಅಬ್ಬರದ ಡ್ರಾಪ್‌ಗೆ, ಅಂದರೆ ಬೀಟ್ ಒಮ್ಮೆಲೇ ಧುಮುಕುವ ಕ್ಷಣಕ್ಕೆ, ಕಾಯುತ್ತಿದ್ದ ಜನರ ಮುಂದೆ ವಾದ್ಯಗಾರರನ್ನೂ ಹಾಡುಗಾರರನ್ನೂ ತಂದು ನಿಲ್ಲಿಸಿದ. ಜನ ಗಲಿಬಿಲಿಗೊಂಡರು, ಎಷ್ಟೋ ಜನ ಬೈದರು. ಜೂನ್‌ನಲ್ಲಿ ಹಾಡು ಬಿಡುಗಡೆ ಆಯಿತು. ಬ್ರಿಟನ್ ಸೇರಿ ಅನೇಕ ದೇಶಗಳಲ್ಲಿ ಒಂದನೇ ಸ್ಥಾನಕ್ಕೆ ಹೋಯಿತು. ಹಾಡಿದವರು ಆಲೊ ಬ್ಲ್ಯಾಕ್, ಅಮೆರಿಕದ ಸೋಲ್ ಗಾಯಕ. ಗಿಟಾರ್ ನುಡಿಸಿದವರು ಒಂದು ರಾಕ್ ಬ್ಯಾಂಡ್‌ನ ಮೈಕ್ ಐನ್‌ಜಿಗರ್. ಅದೇ ಆಲ್ಬಂನ ‘ಹೇ ಬ್ರದರ್’ಗೆ ಬ್ಲೂಗ್ರಾಸ್ (ಅಮೆರಿಕದ ಒಂದು ಬಗೆಯ ಹಳ್ಳಿ ಸಂಗೀತ) ಗಾಯಕ ಡ್ಯಾನ್ ಟಿಮಿನ್ಸ್ಕಿ ದನಿ ಕೊಟ್ಟರು.

ಆ ವಯಸ್ಸಿನಲ್ಲಿ, ‘ಲೆವೆಲ್ಸ್’ನಂಥದ್ದನ್ನೇ ಇನ್ನೂ ಹತ್ತು ಮಾಡಿ ಆರಾಮಾಗಿರಬಹುದಿತ್ತು. ಅದನ್ನು ಬಿಟ್ಟು ಇಂಥದ್ದಕ್ಕೆ ಕೈ ಹಾಕಿದನಲ್ಲ, ನನಗೆ ಅವನ ಮೇಲೆ ಗೌರವ ಹುಟ್ಟಿದ್ದು ಇದಕ್ಕೇ. ಹಾಡು ಯಾಕೆ ನಿಂತಿತು ಅಂದರೆ, ಯಂತ್ರದ ಸದ್ದೆಲ್ಲ ತೆಗೆದು ಬರೀ ಗಿಟಾರ್ ಜೊತೆ ಹಾಡಿದರೂ ಅದು ಹಾಡೇ. ಆಲೊ ಬ್ಲ್ಯಾಕ್ ಆಮೇಲೆ ಹಾಗೇ ಹಾಡಿ ಬಿಡುಗಡೆಯನ್ನೂ ಮಾಡಿದರು.

ನಮ್ಮ ದೇಶದ ಒಂದು ವಿಷಯ ನಿಮ್ಮ ವಿದ್ಯಾರ್ಥಿಗೆ ಹೇಳಿ. ಚರಣ್‌ಜಿತ್ ಸಿಂಗ್ ಅಂತ ಮುಂಬೈ ಸಿನಿಮಾ ವಾದ್ಯಗೋಷ್ಠಿಯಲ್ಲಿ ನುಡಿಸುತ್ತಿದ್ದವರು. 1982ರಲ್ಲಿ ಅವರು ಹತ್ತು ರಾಗಗಳನ್ನು ಡಿಸ್ಕೊ ಬೀಟ್‌ಗೆ ಹೊಂದಿಸಿ ಒಂದು ಎಲ್‌ಪಿ ಮಾಡಿದರು. ಭೈರವಿ, ಭೂಪಾಲಿ, ಯಮನ್, ಮಾಲ್ಕೌಂಸ್ ಎಲ್ಲ ಅದರಲ್ಲಿವೆ. ಭೂಪಾಲಿ ನಿಮಗೆ ಮೋಹನ. ಬಳಸಿದ್ದು ರೋಲೆಂಡ್ ಕಂಪನಿಯ ಟಿಆರ್-808 ಡ್ರಮ್ ಯಂತ್ರ, ಟಿಬಿ-303 ಬೇಸ್ ಯಂತ್ರ, ಜುಪಿಟರ್-8 ಸಿಂಥ್. ಆಗ ಯಾರೂ ಕೊಳ್ಳಲಿಲ್ಲ. ಅದೇ 303 ಯಂತ್ರದಿಂದ ಶಿಕಾಗೊದ ಹುಡುಗರು ‘ಆಸಿಡ್ ಹೌಸ್’ ಅನ್ನುವ ಹೊಸ ಬಗೆ ಹುಟ್ಟಿಸಿ, 1987ರಲ್ಲಿ ರೆಕಾರ್ಡ್ ತಂದರು. 2010ರಲ್ಲಿ ಚರಣ್‌ಜಿತ್ ಅವರ ಎಲ್‌ಪಿ ಮತ್ತೆ ಬಂದಾಗ ಯುರೋಪಿನ ಡಿಜೆಗಳು ಬೆರಗಾದರು. ಅಷ್ಟು ಮೊದಲೇ ಮುಂಬೈಯಲ್ಲಿ ಒಬ್ಬರು ಇದನ್ನು ಮಾಡಿಟ್ಟಿದ್ದರು! 303ರಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಸೌಕರ್ಯ ಇದೆ. ರಾಗ ಗೊತ್ತಿದ್ದವರ ಕೈಗೆ ಅದು ಸಿಕ್ಕಾಗ ಏನಾಗುತ್ತೆ ಅನ್ನೋದನ್ನು ಕೇಳಿಯೇ ತಿಳಿಯಬೇಕು.

ಡೊಳ್ಳಿನ ವಿಷಯಕ್ಕೆ ಬರೋಣ. ಖಂಡಿತ ಸೇರಿಸಬಹುದು, ಆದರೆ ಎರಡು ತೊಡಕಿವೆ. ಒಂದು, ಡೊಳ್ಳಿನ ದಪ್ಪ ದನಿಯೂ ಎಲೆಕ್ಟ್ರಾನಿಕ್ ಕಿಕ್ಕೂ ಒಂದೇ ಜಾಗದಲ್ಲಿ ಕೂರುತ್ತವೆ. ಎರಡನ್ನೂ ಪೂರ್ತಿ ಇಟ್ಟರೆ ಎರಡೂ ಕೆಡುತ್ತವೆ. ನಾನಾದರೆ ಕಿಕ್ಕನ್ನೇ ತೆಗೆದು, ಡೊಳ್ಳಿಗೆ ನೆಲ ಬಿಟ್ಟುಕೊಡುತ್ತೇನೆ. ಇನ್ನೊಂದು, ಮೇಳ ಬಿಸಿಯಾದಂತೆ ಲಯ ಏರುತ್ತೆ. ಶುರುವಿನ ನಡೆಗೂ ಕೊನೆಯ ನಡೆಗೂ ಬಹಳ ಅಂತರ. ಹೆಚ್ಚಿನವರು ರೆಕಾರ್ಡ್ ಮಾಡಿದ್ದನ್ನು ಕತ್ತರಿಸಿ ಕಂಪ್ಯೂಟರ್‌ನ ಗೆರೆಗೆ ಕೂರಿಸುತ್ತಾರೆ. ಆಗ ಕುಣಿತದ ಜೀವವೇ ಹೋಗುತ್ತೆ. ತಿರುಗಿಸಿ ಮಾಡಬಹುದು. ಮೇಳದವರು ಬಾರಿಸಿದ ಹಾಗೇ ಬಿಟ್ಟು, ಸಾಫ್ಟ್‌ವೇರ್‌ನ ಟೆಂಪೊವನ್ನೇ, ಅಂದರೆ ಲಯದ ವೇಗವನ್ನೇ, ಅವರ ಹಿಂದೆ ಓಡಿಸಬಹುದು. ಬಾರ್ ಬಾರ್‌ಗೂ ಗುರುತು ಹಾಕಬೇಕು, ಇಡೀ ದಿನ ಹಿಡಿಯುತ್ತೆ. ಆದರೆ ಯಂತ್ರವೂ ಮೇಳದ ಜೊತೆಗೇ ಕುಣಿಯುತ್ತೆ. ಬಾರಿಸಿದವರ ಹೆಸರು ಹಾಕಿ, ಸಂಭಾವನೆ ಕೊಡಿ. ಇದನ್ನು ಬೇರೆ ಹೇಳಬೇಕಾ ಅನಿಸಬಹುದು. ಹೇಳಬೇಕು ಮೇಡಂ, ಬಹಳ ಜನ ಮರೆಯುತ್ತಾರೆ.

ಪ್ರಶ್ನೆ: ಅಣ್ಣಾ, ಗಣೇಶನ ಹಬ್ಬಕ್ಕೆ ನಾವು ಡಿಜೆ ಸೆಟ್ ಬಾಡಿಗೆಗೆ ಕೊಡ್ತೀವಿ. ಬಾಕ್ಸ್ ಪಕ್ಕದಲ್ಲೇ ನಿಂತಿರ್ತೀನಿ. ಮನೆಗೆ ಬಂದ ಮೇಲೂ ಕಿವಿಯಲ್ಲಿ ಗುಂಯ್ ಅಂತಿರುತ್ತೆ. ಎರಡು ದಿನಕ್ಕೆ ಹೋಗುತ್ತೆ. ಏನಾದ್ರೂ ತೊಂದರೆನಾ?
– ಓದುಗ, ಹುಬ್ಬಳ್ಳಿ

ತೊಂದರೆನೇ ತಮ್ಮಾ. ಗುಂಯ್ ಅನ್ನೋದು ಕಿವಿ ಕೊಡುವ ಎಚ್ಚರಿಕೆ. ಹೋಯ್ತು ಅಂದುಕೊಂಡಾಗಲೂ ಒಳಗೆ ಸ್ವಲ್ಪ ಸವೆದಿರಬಹುದು. ಒಳಕಿವಿಯ ಕೂದಲಿನಂಥ ಕೋಶಗಳು ಸತ್ತರೆ ಮತ್ತೆ ಹುಟ್ಟಲ್ಲ. ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆಯ ಲೆಕ್ಕ ಹೀಗಿದೆ: 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ತಾಳಬಹುದು. ಅಲ್ಲಿಂದ ಮೇಲೆ 3 ಡೆಸಿಬೆಲ್ ಏರಿದಂತೆಲ್ಲ ಹೊತ್ತು ಅರ್ಧ ಆಗುತ್ತೆ. 100ಕ್ಕೆ ಬರೋ ಹೊತ್ತಿಗೆ ಉಳಿಯೋದು 15 ನಿಮಿಷ. ನಿಮ್ಮ ಬಾಕ್ಸ್ ಮುಂದೆ 100 ಏನೂ ದೊಡ್ಡದಲ್ಲ.

ಇಯರ್‌ಪ್ಲಗ್ ಹಾಕು. ಮೆಡಿಕಲ್ ಶಾಪ್‌ನ ಸ್ಪಂಜಿನದ್ದಾದರೂ ಸರಿ. ನಾನು ಅದಿಲ್ಲದೆ ಡಿಜೆ ನಿಲ್ಲುವ ಬೂತ್‌ಗೆ ಹತ್ತುತ್ತಿರಲಿಲ್ಲ. ಬಾಕ್ಸ್ ಪಕ್ಕ ಒಬ್ಬನೇ ನಿಲ್ಲಬೇಡ, ಹುಡುಗರು ಸರದಿ ಮಾಡಿಕೊಳ್ಳಿ. ಒಮ್ಮೆ ಕಿವಿ ಡಾಕ್ಟರ ಹತ್ತಿರ ಆಡಿಯೋಮೆಟ್ರಿ, ಅಂದರೆ ಕೇಳುವ ಶಕ್ತಿಯ ಪರೀಕ್ಷೆ, ಮಾಡಿಸು. ಇನ್ನೊಂದು ಮಾತು. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ನಿಷೇಧ ಇರೋದು 2000ದ ಶಬ್ದಮಾಲಿನ್ಯ ನಿಯಮದಲ್ಲಿ. ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್. ಮೆರವಣಿಗೆಯ ದಾರಿಯಲ್ಲಿ ಬಾಣಂತಿಯರು, ವಯಸ್ಸಾದವರು ಇರ್ತಾರೆ. ಸದ್ದು ತಗ್ಗಿಸಿದರೆ ಗಣಪ ಬೇಜಾರು ಮಾಡಿಕೊಳ್ಳಲ್ಲ.

ಪ್ರಶ್ನೆ: ಸರ್, ನಾನು ಬೆಂಗಳೂರಿನಲ್ಲಿ ಡಿಜೆ. ವಾರಕ್ಕೆ ಐದು ರಾತ್ರಿ ಕೆಲಸ. ಯಾರಾದರೂ ಕರೆದರೆ ಬೇಡ ಅನ್ನೋಕಾಗಲ್ಲ, ಮುಂದೆ ಕರೆಯಲ್ವೇನೋ ಅನ್ನೋ ಭಯ. ಸ್ಟೇಜ್‌ಗೆ ಹತ್ತುವ ಮುಂಚೆ ಎರಡು ಪೆಗ್ ಬೇಕೇ ಬೇಕು. ಹೊಸ ಟ್ರ್ಯಾಕ್ ಮಾಡಿ ಒಂದು ವರ್ಷ ಆಯ್ತು. ಅವೀಚಿ ಕಥೆ ಓದಿ ನಿದ್ದೆ ಬರಲಿಲ್ಲ.
– ಹೆಸರು ಬೇಡ

ಪತ್ರ ಬರೆದದ್ದು ಒಳ್ಳೆಯದಾಯ್ತು.

ಟಿಮ್ ಕಥೆಯನ್ನು ನಾನು ಬರೆದದ್ದು ಹೆದರಿಸೋಕಲ್ಲ. ಅವನ ಬದುಕಿನಲ್ಲಿ ಎರಡು ವೃತ್ತಿಗಳಿದ್ದವು. ಒಂದು ಕೋಣೆಯಲ್ಲಿ ಹಾಡು ಕಟ್ಟೋದು. ಅದರಲ್ಲಿ ಅವನಿಗೆ ಹಸಿವು, ನಿದ್ದೆ ನೆನಪಾಗುತ್ತಿರಲಿಲ್ಲ. ಇನ್ನೊಂದು ಊರೂರು ತಿರುಗಿ ವೇದಿಕೆ ಹತ್ತೋದು. ಅದು ಅವನಿಗೆ ಒಗ್ಗಲಿಲ್ಲ. ನಾಚಿಕೆಯ ಹುಡುಗ, ಜನರ ಮುಂದೆ ನಿಲ್ಲೋಕೆ ಹೆದರಿಕೆ. ಅದಕ್ಕೆ ಕುಡಿದು ಹತ್ತುತ್ತಿದ್ದ. ನೀವು ಬರೆದದ್ದೇ ತಾನೇ ಇದು?

2012ರ ಜನವರಿಯಲ್ಲಿ ನ್ಯೂಯಾರ್ಕ್‌ನಲ್ಲಿ ಆಸ್ಪತ್ರೆ ಸೇರಿದ. ಮೇದೋಜೀರಕ ಗ್ರಂಥಿಯ ಉರಿಯೂತ, ಕಾರಣ ಕುಡಿತ. ಆಗಿನ್ನೂ 22 ವರ್ಷ. ಹುಷಾರಾಗಿ ಮತ್ತೆ ವೇದಿಕೆಗೆ ಹೋದ. 2014ರಲ್ಲಿ ಪಿತ್ತಕೋಶ, ಅಪೆಂಡಿಕ್ಸ್ ಎರಡನ್ನೂ ತೆಗೆಯಬೇಕಾಯಿತು. ಅದರ ಜೊತೆ ನೋವಿನ ಮಾತ್ರೆಗಳು. ಹತ್ತು ವರ್ಷವೂ ತುಂಬದ ವೃತ್ತಿಯಲ್ಲಿ 800ಕ್ಕೂ ಜಾಸ್ತಿ ಶೋ. 2016ರ ಮಾರ್ಚ್‌ನಲ್ಲಿ ಇನ್ನು ತಿರುಗಾಟ ಸಾಕು ಅಂತ ಅಭಿಮಾನಿಗಳಿಗೆ ಪತ್ರ ಬರೆದ. ಆಗಸ್ಟ್ 28ಕ್ಕೆ ಇಬಿಜಾ ದ್ವೀಪದಲ್ಲಿ ಕೊನೆಯ ಶೋ. ಕೋಟಿಗಟ್ಟಲೆ ದುಡ್ಡು ತರುವ ಹುಡುಗ ‘ಸಾಕು’ ಅಂದಾಗ ಸುತ್ತಲಿನವರಿಗೆ ಅದನ್ನು ಕೇಳಿಸಿಕೊಳ್ಳುವುದು ಎಷ್ಟು ಕಷ್ಟ ಅನ್ನೋದು 2017ರಲ್ಲಿ ಬಂದ ಸಾಕ್ಷ್ಯಚಿತ್ರದಲ್ಲಿ ಕಾಣುತ್ತೆ. 2018ರ ಏಪ್ರಿಲ್ 20ರಂದು ಒಮಾನ್‌ನ ಮಸ್ಕತ್‌ನಲ್ಲಿ ಅವನು ತೀರಿಕೊಂಡ. ಅವನ ತಂದೆ ಕ್ಲಾಸ್ ಬರ್ಗ್‌ಲಿಂಗ್ ಮತ್ತು ಮನೆಯವರು ಮರುವರ್ಷ ಅವನ ಹೆಸರಿನಲ್ಲಿ ಪ್ರತಿಷ್ಠಾನ ಶುರು ಮಾಡಿದರು. ಯುವಜನರ ಮಾನಸಿಕ ಆರೋಗ್ಯಕ್ಕಾಗಿ ಅದು ಕೆಲಸ ಮಾಡುತ್ತಿದೆ.

ಈಗ ನಿಮ್ಮ ವಿಷಯ. ಐದು ರಾತ್ರಿಯನ್ನು ಮೂರಕ್ಕೆ ಇಳಿಸಿ. ಕ್ಲಬ್‌ನವರಿಗೆ ಕಾರಣ ಹೇಳಬೇಕಿಲ್ಲ, ‘ಆ ದಿನ ಸ್ಟುಡಿಯೋ ಇದೆ’ ಅಂದರೆ ಸಾಕು. ನಿಜವಾಗಲೂ ಸ್ಟುಡಿಯೋ ಇಟ್ಟುಕೊಳ್ಳಿ. ನಿಮ್ಮದೇ ಟ್ರ್ಯಾಕ್ ಇಲ್ಲದ ಡಿಜೆಯನ್ನು ನಾಳೆ ಇನ್ನೂ ಕಡಿಮೆ ದುಡ್ಡಿಗೆ ಬರುವ ಹುಡುಗ ತಳ್ಳಿಬಿಡುತ್ತಾನೆ. ಬೇಡ ಅಂದ ರಾತ್ರಿಗಳಲ್ಲಿ ಮಾಡಿದ ಟ್ರ್ಯಾಕೇ ನಿಮ್ಮ ಬೆಲೆ ಏರಿಸೋದು. ಶೋ ಮುಗಿದ ಮೇಲೆ ಬೆಳಗಿನ ಜಾವಕ್ಕೆ ಬಿರಿಯಾನಿ ತಿಂದು ಮಲಗೋದು ನಮ್ಮ ಲೈನಿನಲ್ಲಿ ರೂಢಿ. ನಾನೂ ಅದನ್ನೇ ಮಾಡ್ತಿದ್ದೆ. ಶೋಗೆ ಮುಂಚೆ ಆರೂವರೆಗೆ ಮನೆಯಲ್ಲೇ ಊಟ ಮಾಡಿ ಹೊರಡಲು ಶುರು ಮಾಡಿದ ಮೇಲೆ ಮೈ ಹಗುರ ಆಯ್ತು.

ಕುಡಿತದ ಬಗ್ಗೆ ಸುಮ್ನೆ ಸಮಾಧಾನ ಹೇಳಲ್ಲ. ಅದಿಲ್ಲದೆ ಹತ್ತೋಕಾಗಲ್ಲ ಅಂದ್ರೆ ಅದಕ್ಕೆ ಸಹಾಯ ಬೇಕು. ಡಾಕ್ಟರನ್ನು ನೋಡಿ. ಬೆಂಗಳೂರಿನಲ್ಲೇ ನಿಮ್ಹಾನ್ಸ್ ಇದೆ. ಚಟದ ಚಿಕಿತ್ಸೆಗೆಂದೇ ಅಲ್ಲೊಂದು ಕೇಂದ್ರ ಇದೆ. ರಾತ್ರಿ ಮೂರಕ್ಕೆ ಮನಸ್ಸು ತಡೆಯದೆ ಹೋದರೆ ಟೆಲಿ-ಮಾನಸ್‌ಗೆ, 14416ಕ್ಕೆ, ಕರೆ ಮಾಡಿ. ಸರ್ಕಾರದ ಸಹಾಯವಾಣಿ, ಹಗಲು ರಾತ್ರಿ ಇರುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನನಗೂ ಬರೆಯಿರಿ. ನಿಮ್ಮ ಪತ್ರಕ್ಕೆ ಬೇರೆಯಾಗಿಯೂ ಉತ್ತರ ಹಾಕಿದ್ದೇನೆ.

ಪ್ರಶ್ನೆ: ಎಪ್ಪತ್ತರ ದಶಕದ ಒಂದು ಕನ್ನಡ ಸಿನಿಮಾ ಹಾಡಿನ ಎಂಟು ಸೆಕೆಂಡ್ ತೆಗೆದು ರೀಮಿಕ್ಸ್ ಮಾಡಿ ಯೂಟ್ಯೂಬ್‌ಗೆ ಹಾಕಿದ್ದೆ. ಕಾಪಿರೈಟ್ ಅಂತ ತೆಗೆದುಹಾಕಿದರು. ಹತ್ತು ಸೆಕೆಂಡ್‌ವರೆಗೆ ತೊಂದರೆ ಇಲ್ಲ ಅಂತಾರಲ್ಲ? ಅವೀಚಿಯೂ ಹಳೆ ಹಾಡು ಬಳಸಿದ್ದನಲ್ಲ?
– ಓದುಗ, ಕಲಬುರಗಿ

ಹತ್ತು ಸೆಕೆಂಡ್ ನಿಯಮ ಅಂತ ಯಾವುದೂ ಇಲ್ಲ. ಎಲ್ಲಿಂದ ಹುಟ್ಟಿತೋ, ಎಲ್ಲ ಊರಲ್ಲೂ ಇದೇ ಮಾತು.

‘ಲೆವೆಲ್ಸ್’ನಲ್ಲಿ ಬರುವ ಹೆಣ್ಣು ದನಿ ಅಮೆರಿಕದ ಗಾಯಕಿ ಎಟಾ ಜೇಮ್ಸ್ ಅವರದು, 1962ರ ಹಾಡಿನದು. ಆ ಹಾಡು ಬರೆದ ಮೂವರ ಹೆಸರೂ ‘ಲೆವೆಲ್ಸ್’ ಬರೆದವರ ಪಟ್ಟಿಯಲ್ಲಿದೆ. ಎಟಾ ಜೇಮ್ಸ್ ಅವರೂ ಅವರಲ್ಲೊಬ್ಬರು. ಅಂದರೆ ಹಾಡಿನ ಗಳಿಕೆಯಲ್ಲಿ ಅವರಿಗೂ ಪಾಲು. ಅಮೆರಿಕದ ರ್ಯಾಪರ್ ಫ್ಲೋ ರೈಡಾ ‘ಗುಡ್ ಫೀಲಿಂಗ್’ ಹಾಡಿಗೆ ‘ಲೆವೆಲ್ಸ್’ ಬಳಸಿಕೊಂಡಾಗ ಟಿಮ್ ಹೆಸರೂ ಆ ಪಟ್ಟಿಗೆ ಸೇರಿತು. ಈ ವ್ಯವಹಾರ ಹೀಗೆ ನಡೆಯುತ್ತೆ.

ಒಂದು ಹಾಡಿನಲ್ಲಿ ಎರಡು ಹಕ್ಕುಗಳಿವೆ. ರೆಕಾರ್ಡಿಂಗ್ ಒಂದು, ಅದು ಸಾಮಾನ್ಯವಾಗಿ ಆಡಿಯೋ ಕಂಪನಿಯದು. ನಮ್ಮ ಕಾನೂನಿನಲ್ಲಿ ಪ್ರಕಟವಾದ ಮೇಲೆ 60 ವರ್ಷ. ಸಾಹಿತ್ಯ, ರಾಗ ಸಂಯೋಜನೆ ಇನ್ನೊಂದು. ಅದು ಬರೆದವರು ತೀರಿಕೊಂಡ ಮೇಲೂ 60 ವರ್ಷ. ಎಪ್ಪತ್ತರ ಹಾಡಿನಲ್ಲಿ ಎರಡೂ ಜೀವಂತವಾಗಿವೆ. ನೀವೇ ಮತ್ತೆ ಹಾಡಿಸಿದರೂ ಎರಡನೆಯದಕ್ಕೆ ಅನುಮತಿ ಬೇಕು. ಕಂಪನಿಗೆ ಬರೆದು ಕೇಳಿ. ಸಿಗಲಿಲ್ಲ ಅಂದ್ರೆ ನಿಮ್ಮದೇ ಸಾಲು ಬರೆಯಿರಿ. ನಿಮ್ಮ ಸೀಮೆಯಲ್ಲಿ ತತ್ವಪದ ಹಾಡುವವರು ಇನ್ನೂ ಇದ್ದಾರೆ. ಒಪ್ಪಿಗೆ ಬರಹದಲ್ಲಿ ಪಡೆದು, ಸಂಭಾವನೆ ಕೊಟ್ಟು ಅವರ ದನಿ ರೆಕಾರ್ಡ್ ಮಾಡಿ. ನಿಮ್ಮ ಸ್ವಂತ ಸಂಯೋಜನೆಗಳನ್ನು ಐಪಿಆರ್‌ಎಸ್‌ನಲ್ಲಿ (ಸಾಹಿತಿ, ಸಂಯೋಜಕರ ಪರವಾಗಿ ರಾಯಲ್ಟಿ ವಸೂಲಿ ಮಾಡುವ ಸಂಸ್ಥೆ) ನೋಂದಾಯಿಸಿ. 2012ರಲ್ಲಿ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿ ಆದ ಮೇಲೆ, ಸಾಹಿತಿ, ಸಂಯೋಜಕರ ರಾಯಲ್ಟಿ ಪಾಲನ್ನು ಕಂಪನಿಗಳು ಸುಲಭವಾಗಿ ಬರೆಸಿಕೊಳ್ಳೋಕಾಗಲ್ಲ. ಆದರೂ ಓದದೆ ಸಹಿ ಹಾಕಬೇಡಿ.

ಪ್ರಶ್ನೆ: ನೀವು ಬರೆಯೋದೆಲ್ಲ ಹುಡುಗರ ಬಗ್ಗೆಯೇ. ನಾನು ಟ್ರ್ಯಾಕ್ ಮಾಡ್ತೀನಿ, ಡಿಜೆ ಕೂಡ ಆಗಬೇಕು. ಹೆಣ್ಣುಮಕ್ಕಳಿಗೆ ಇಲ್ಲಿ ಜಾಗ ಇದೆಯಾ?
– ಓದುಗಿ, ಉಡುಪಿ

ಜಾಗ ಮೊದಲಿನಿಂದಲೂ ಇದೆಯಮ್ಮಾ, ಹೆಸರು ಹೇಳುವವರು ಕಡಿಮೆ. ಬಿಬಿಸಿಯ ‘ಡಾಕ್ಟರ್ ಹೂ’ ಧಾರಾವಾಹಿಯ ಶೀರ್ಷಿಕೆ ಸಂಗೀತಕ್ಕೆ ಆ ವಿಚಿತ್ರ ಸದ್ದು ಕೊಟ್ಟವರು ಡೇಲಿಯಾ ಡರ್ಬಿಶೈರ್. 1963ರಲ್ಲಿ, ಸಿಂಥ್ ಸುಲಭವಾಗಿ ಸಿಗದ ಕಾಲದಲ್ಲಿ, ಟೇಪ್ ಕತ್ತರಿಸಿ ಅಂಟಿಸಿ ಮಾಡಿದ್ದು. ನಮ್ಮಲ್ಲಿ 1969ರಲ್ಲಿ ಅಹಮದಾಬಾದ್‌ನ ಎನ್‌ಐಡಿಗೆ (ರಾಷ್ಟ್ರೀಯ ವಿನ್ಯಾಸ ಸಂಸ್ಥೆ) ಮೂಗ್ ಕಂಪನಿಯ ಸಿಂಥಸೈಜರ್ ಬಂತು. ಅದರಲ್ಲಿ ಕೆಲಸ ಮಾಡಿದವರಲ್ಲಿ ಪಖಾವಾಜ್ ವಾದಕಿ ಗೀತಾ ಸಾರಾಭಾಯಿ ಒಬ್ಬರು. ಈಗ ಬೆಲ್ಜಿಯಂನ ಶಾರ್ಲಟ್ ಡಿ ವಿಟ್, ಕೊರಿಯಾದ ಪೆಗ್ಗಿ ಗೂ ಜಗತ್ತಿನ ದೊಡ್ಡ ವೇದಿಕೆಗಳಲ್ಲಿ ಪ್ಲೇ ಮಾಡುತ್ತಾರೆ. ಕೇಳು, ಟಿಪ್ಪಣಿ ಮಾಡಿಕೋ.

ಇನ್ನು ನೇರ ಕೆಲಸದ ಮಾತು. ಮೊದಲ ಬುಕಿಂಗ್‌ನಿಂದಲೇ ಎಲ್ಲವನ್ನೂ ಬರಹದಲ್ಲಿ ತಗೋ, ವಾಟ್ಸಾಪ್ ಮೆಸೇಜ್ ಆದರೂ ಸರಿ. ದುಡ್ಡು ಎಷ್ಟು, ಅರ್ಧ ಅಡ್ವಾನ್ಸ್ ಯಾವ ದಿನ, ಎಷ್ಟು ಹೊತ್ತು ಪ್ಲೇ ಮಾಡಬೇಕು, ಬೂತ್‌ನಲ್ಲಿ ಯಾವ ಯಂತ್ರ ಇದೆ. ಇದರ ಜೊತೆಗೆ, ರಾತ್ರಿ ಮನೆಗೆ ಬಿಡಲು ಕಾರು ಯಾರದು, ಓಡಿಸುವವರು ಯಾರು, ನಂಬರ್ ಏನು. ಜೊತೆಗೊಬ್ಬರು ಬರ್ತಾರೆ ಅಂತ ಮೊದಲೇ ಹೇಳು, ಅವರ ಊಟವೂ ಆಯೋಜಕರದ್ದೇ. ಇಷ್ಟಕ್ಕೆ ಮುಖ ಸಿಂಡರಿಸುವವರ ಶೋ ಒಪ್ಪಿಕೊಳ್ಳಬೇಡ. ನಿನ್ನ ಟ್ರ್ಯಾಕ್‌ನ ಲಿಂಕ್ ಕಳಿಸು, ಕೇಳಿ ಬರೆಯುತ್ತೇನೆ. ಮಿಕ್ಸ್ ಮಾಡಿದ್ದು ಮಾತ್ರ ಅಲ್ಲ, ಒಂದೊಂದು ವಾದ್ಯದ ಬಿಡಿ ಟ್ರ್ಯಾಕ್‌ಗಳನ್ನೂ ಕಳಿಸಿದರೆ ಎಲ್ಲಿ ಏನು ಸರಿ ಮಾಡಬಹುದು ಅಂತ ಹೇಳೋಕೆ ಅನುಕೂಲ.